ತಗಚೆಯೋ, ಅದರ ದಾಯಾದಿಯೋ?



ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಧ್ವನಿಮುದ್ರಣಕ್ಕೆಂದು ಧಾರಾವಿಗೆ ಹೋಗಿದ್ದೆ. ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಣಗಿದ ಕಾಯಿಗಳನ್ನು ತೋರಿಸಿದರು. "ತಗಚೆ ಬೀಜ ತಮ್ಮಾ, ಡಬ್ಬಿಯಲ್ಲಿ ಮಣ್ಣು ಹಾಕಿ ಬಿತ್ತುತೀನಿ. ಮುಂದಿನ ಮಳೆಗೆ ಮನೆ ಬಾಗಿಲಲ್ಲೇ ಸೊಪ್ಪು," ಎಂದರು. ಪಕ್ಕದಲ್ಲಿ ಮೊಮ್ಮಗ ಒಂದು ಕಾಯಿ ಸುಲಿದು ಆಡುತ್ತಿದ್ದ. ನೋಡಿದರೆ ಕಾಯಿ ಚಪ್ಪಟೆ! ಅದು ತಗಚೆಯಲ್ಲ, ಅದರ ದಾಯಾದಿ ದೊಡ್ಡ ತಗಚೆ. ಮರಾಠಿಯವರು ಕಾಸವಿಂದಾ ಎನ್ನುತ್ತಾರೆ.

ತಗಚೆಯನ್ನು ನೀವು ಬಲ್ಲಿರಿ. ತುಳುವರ ತಜಂಕ್, ಕೊಂಕಣಿಗರ ತಾಯ್ಕಿಳೊ, ಮುಂಬಯಿ ಮಾರುಕಟ್ಟೆಯ ಟಾಕಳಾ ಎಲ್ಲ ಇದೇ. ಮೊದಲ ಮಳೆ ಬಿದ್ದೊಡನೆ ಆದಿವಾಸಿ ಹೆಂಗಸರು ದಾದರಿಗೆ ತಂದು ಮಾರುತ್ತಾರೆ. ಎಳೆಸೊಪ್ಪಿಗೆ ಹಲಸಿನ ಬೀಜ ಸೇರಿಸಿ ಪಲ್ಯ ಮಾಡಿದರೆ ಆ ರುಚಿಯೇ ಬೇರೆ.

ಹಾಗಾದರೆ ಗುರುತಿಸುವುದು ಹೇಗೆ? ಮೊದಲು ಎಲೆ ನೋಡಿ. ತಗಚೆಯ ಒಂದು ಕಡ್ಡಿಯಲ್ಲಿ ಸಾಮಾನ್ಯವಾಗಿ 3 ಜೊತೆ ಎಲೆ. ತುದಿ ಅಗಲ, ದುಂಡಗೆ. ರಾತ್ರಿ ಮಡಚಿಕೊಳ್ಳುತ್ತವೆ. ದೊಡ್ಡ ತಗಚೆಯಲ್ಲಿ 4ರಿಂದ 6 ಜೊತೆ, ತುದಿ ಚೂಪು. ಹೂವು ಎರಡರದೂ ಹಳದಿ, ಅದನ್ನು ನಂಬಬೇಡಿ. ಇನ್ನು ಕಾಯಿ: ತಗಚೆಯದು ಸಣ್ಣಗೆ, ಉದ್ದಕ್ಕೆ, ಕುಡುಗೋಲಿನಂತೆ ಬಾಗಿರುತ್ತದೆ. ಬೀಜ ಮೂಲೆಮೂಲೆಯಾಗಿ, ಹೊಳೆಯುತ್ತದೆ. ದೊಡ್ಡ ತಗಚೆಯ ಕಾಯಿ ಅಗಲ, ಚಪ್ಪಟೆ, ಅಂಚು ತಿಳಿ ಬಣ್ಣ. ಬೀಜವೂ ಚಪ್ಪಟೆ, ಹೊಳಪು ಕಡಿಮೆ.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಪಶ್ಚಿಮ ಉತ್ತರ ಪ್ರದೇಶದಲ್ಲಿ ಮಳೆಗಾಲ ಕಳೆದ ಮೇಲೆ ವರ್ಷವರ್ಷವೂ ಎಳೆಯ ಮಕ್ಕಳು ಸಾಯುತ್ತಿದ್ದರು. ಬಹುಕಾಲ ಅದನ್ನು ಮಿದುಳು ಜ್ವರವೆಂದೇ ತಿಳಿದಿದ್ದರು. ಮಕ್ಕಳು ಆಡುತ್ತಾ ತಿಂದ ದೊಡ್ಡ ತಗಚೆಯ ಹಸಿ ಬೀಜವೇ ಅದಕ್ಕೆ ಕಾರಣವಿರಬಹುದೆಂದು ವೈದ್ಯರು 2007ರಲ್ಲಿ ಪ್ರಕಟಿಸಿದರು. ಅದರ ವಿಷ ಯಕೃತ್ತು, ಸ್ನಾಯು, ಮಿದುಳು ಮೂರಕ್ಕೂ ತಗಲುತ್ತದೆ. ಮಗು ತಿಂದಿರುವ ಅನುಮಾನ ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಕಾಯಿಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಓಡಿ.

ಇನ್ನೊಂದು ಮಾತು. ಗಟಾರದ ದಂಡೆ, ರೈಲು ಹಳಿ, ಮಿಠಿ ನದಿಯ ಬದಿಯ ಸೊಪ್ಪು ಅಸಲಿ ತಗಚೆಯೇ ಆಗಿದ್ದರೂ ಬೇಡ. ಅಲ್ಲಿನ ಕೊಳೆಯೂ ಅದರೊಡನೆ ಮನೆಗೆ ಬರುತ್ತದೆ. ಗಿಡಮರಗಳ ಪರಿಚಯ ಬೇಕೆಂದರೆ ಮಕ್ಕಳನ್ನು ಕರೆದುಕೊಂಡು ಧಾರಾವಿಯ ಪಕ್ಕದಲ್ಲೇ ಇರುವ ಮಹಾರಾಷ್ಟ್ರ ನಿಸರ್ಗ ಉದ್ಯಾನಕ್ಕೆ ಹೋಗಿ. ಒಂದು ಕಾಲದಲ್ಲಿ ಊರಿನ ಕಸ ಸುರಿಯುತ್ತಿದ್ದ ಜಾಗ ಅದು. 1994ರಲ್ಲಿ ಉದ್ಯಾನವಾಗಿ ತೆರೆಯಿತು. ಅಲ್ಲಿ ನೋಡಿ, ಮುಟ್ಟಿ, ಕೀಳಬೇಡಿ.

ಅಜ್ಜಿ ಏನು ಮಾಡಿದರು ಅಂತೀರಾ? ಮೊಮ್ಮಗನ ಕೈ ಬಾಯಿ ತೊಳೆಸಿ, ಗಂಟನ್ನು ಹಾಗೇ ಒಲೆಗೆ ಹಾಕಿದರು. ಆಮೇಲೆ ನನ್ನನ್ನೇ ಗದರಿದರು: "ಇಷ್ಟು ಗೊತ್ತಿದ್ದವ ರೇಡಿಯೋದಾಗ ಯಾಕ ಹೇಳಲಿಲ್ಲ?"

ಇಗೋ, ಹೇಳಿದೆ. ನೀವೂ ಪಕ್ಕದ ಮನೆಯವರಿಗೆ ಹೇಳಿ.