ಚಾಕೊಲೇಟಿನ ಹೊದಿಕೆಯಲ್ಲಿ ಬೆಳೆಗಾರನ ಪಾಲು
(ಭಾಷಣದ ಬರಹ ರೂಪ)



ಅಡಿಕೆ ತೋಟದ ನೆರಳಿನಲ್ಲಿ ಕೊಕ್ಕೋ ಬೆಳೆಯುವವನಿಗೆ ಕಾಯಿ ಒಡೆದು, ಹಸಿ ಬೀಜ ತೂಗಿಕೊಟ್ಟರೆ ಕೆಲಸ ಮುಗಿದಂತೆ. ಆ ಬೀಜ ಚಾಕೊಲೇಟಾಗಿ ಬಣ್ಣದ ಕಾಗದ ಸುತ್ತಿಕೊಂಡು ಅಂಗಡಿಗೆ ಬಂದಾಗ ಕಾಗದದ ಮೇಲೆ ಏನು ಬರೆದಿದೆ ಎಂದು ಅವನು ನೋಡುವುದು ಕಡಿಮೆ. ಗಿರಾಕಿ ನೋಡುವುದಾದರೋ ಆ ಕಾಗದವನ್ನೇ.

ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ವಿನ್ಯಾಸ ಕಲಿಯುವ ವಿದ್ಯಾರ್ಥಿಗಳಿಗೆ ಒಂದು ಬಗೆಯ ಅಭ್ಯಾಸ ಕೊಡುವುದುಂಟು. ಬೆಳೆಗಾರನಿಗೆ ನ್ಯಾಯವಾದ ಬೆಲೆ ಕೊಟ್ಟು, ಮಕ್ಕಳನ್ನು ದುಡಿಸದೆ ತಯಾರಿಸಿದ ಚಾಕೊಲೇಟಿಗೆ ಹೊದಿಕೆ, ಪೆಟ್ಟಿಗೆ, ಭಿತ್ತಿಪತ್ರಗಳನ್ನು ಅವರು ರಚಿಸಬೇಕು. ಸಾಮಾನ್ಯವಾಗಿ ಕೈಗೆ ಮೊದಲು ಬರುವ ಚಿತ್ರ ನಗುಮುಖದ ರೈತನದು. ಇಲ್ಲವೇ ಅಳುವ ಮಗುವಿನದು. ಎರಡೂ ಸುಲಭ. ಎರಡರಿಂದಲೂ ಬೆಳೆಗಾರನಿಗೆ ಎಷ್ಟು ಸಿಕ್ಕಿತು, ತೂಗಿದವರು ಯಾರು ಎಂಬುದು ಗಿರಾಕಿಗೆ ತಿಳಿಯುವುದಿಲ್ಲ.

ಘಾನಾ ದೇಶದ ಉದಾಹರಣೆ ಇಲ್ಲಿ ನೆನೆಯತಕ್ಕದ್ದು. ಅಲ್ಲಿ ಕೊಕ್ಕೋ ಖರೀದಿ ಬಹುಕಾಲ ಸರಕಾರಿ ವ್ಯವಸ್ಥೆಯ ಕೈಯಲ್ಲಿತ್ತು. 1990ರ ದಶಕದ ಆರಂಭದಲ್ಲಿ ಪರವಾನಗಿ ಪಡೆದ ಇತರರಿಗೂ ಖರೀದಿಗೆ ಅವಕಾಶವಾಯಿತು. 1993ರಲ್ಲಿ ಬೆಳೆಗಾರರು ಸೇರಿ ಕುವಾಪಾ ಕೊಕೂ ಎಂಬ ಸಂಘ ಕಟ್ಟಿದರು. ಟ್ವಿ ಭಾಷೆಯಲ್ಲಿ ಇದಕ್ಕೆ ‘ಒಳ್ಳೆಯ ಕೊಕ್ಕೋ ಬೆಳೆಗಾರ’ ಎಂದರ್ಥ. ಅವರ ದೊಡ್ಡ ದೂರು ತಕ್ಕಡಿಯ ಮೇಲಿತ್ತು. ತೂಕದಲ್ಲಿ ಮೋಸ ಹೋಗಿ ಹೋಗಿ ಅವರು ಬೇಸತ್ತಿದ್ದರು. ಆದುದರಿಂದ ಸಂಘದಲ್ಲಿ ಒಂದು ಕ್ರಮ ಬಂತು: ಪ್ರತಿ ಹಳ್ಳಿಯ ಸದಸ್ಯರು ತಮ್ಮೊಳಗಿನ ಒಬ್ಬರನ್ನೇ ಆರಿಸಿ, ಬೀಜ ತೂಗುವ, ಲೆಕ್ಕ ಬರೆಯುವ ಹೊಣೆಯನ್ನು ಅವರಿಗೆ ಒಪ್ಪಿಸುವುದು. ಒಬ್ಬ ವಿದ್ಯಾರ್ಥಿ ಈ ತಕ್ಕಡಿಯನ್ನೇ ಹೊದಿಕೆಯ ಮೇಲೆ ಬರೆದರೆ, ಹತ್ತು ನಗುಮುಖಗಳಿಗಿಂತ ಹೆಚ್ಚು ಹೇಳಿದಂತಾಗುತ್ತದೆ.

ಬೀಜ ಮಾರುವುದಷ್ಟೇ ಸಾಲದೆಂದು ಈ ಬೆಳೆಗಾರರು ಚಾಕೊಲೇಟಿಗೂ ಕೈಹಾಕಿದರು. 1998ರಲ್ಲಿ ಇಂಗ್ಲೆಂಡಿನಲ್ಲಿ ‘ಡಿವೈನ್’ ಎಂಬ ಚಾಕೊಲೇಟು ಮಾರಾಟಕ್ಕೆ ಬಂತು. ಆ ಕಂಪನಿಯಲ್ಲಿ ಸಂಘದ ಪಾಲು ಸುಮಾರು ಮೂರರಲ್ಲೊಂದು ಇದ್ದು, 2006ರಲ್ಲಿ ಶೇಕಡ 45ಕ್ಕೆ ಏರಿತು. ಅದರ ಹೊದಿಕೆಗೆ ಬಳಸಿದ್ದು ಘಾನಾದ ಬಟ್ಟೆಗಳ ಮೇಲೆ ಅಚ್ಚೊತ್ತುವ ಅಡಿಂಕ್ರಾ ಎಂಬ ಚಿಹ್ನೆಗಳನ್ನು. ಅನುಕಂಪ ಬೇಡುವ ಚಿತ್ರವಲ್ಲ, ಆ ಜನರ ಸ್ವಂತ ಕಸುಬಿನ ಗುರುತು. ಆದರೆ 2020ರಲ್ಲಿ ಜರ್ಮನಿಯ ಕಂಪನಿಯೊಂದು ಹೆಚ್ಚಿನ ಷೇರುಗಳನ್ನು ಕೊಂಡ ಮೇಲೆ ಸಂಘದ ಪಾಲು ಶೇಕಡ 20ಕ್ಕೆ ಇಳಿಯಿತು. ಹಳೆಯ ಹೊದಿಕೆ ನೋಡಿ 45 ಎಂದು ನಕಲು ಮಾಡುವ ವಿದ್ಯಾರ್ಥಿಯ ಚಿತ್ರ ಎಷ್ಟೇ ಅಂದವಾಗಿದ್ದರೂ ಇಂದು ಸುಳ್ಳೇ.

ಹಾಲೆಂಡಿನ ‘ಟೋನೀಸ್ ಚೊಕೊಲೋನ್ಲಿ’ಯದು ಇನ್ನೊಂದು ದಾರಿ. 2005ರಲ್ಲಿ ಆರಂಭವಾದ ಈ ಕಂಪನಿ ತನ್ನ ಚಾಕೊಲೇಟನ್ನೇ ಸಮನಾದ ಚೌಕಗಳಾಗಿ ಅಚ್ಚು ಹಾಕದೆ ಏರುಪೇರಾದ ತುಂಡುಗಳಾಗಿ ಮಾಡಿತು. ಹಂಚಿಕೊಳ್ಳಲು ಮುರಿದಾಗ ಒಬ್ಬನಿಗೆ ದೊಡ್ಡದು, ಇನ್ನೊಬ್ಬನಿಗೆ ಚಿಕ್ಕದು. ಯಾಕೆ ಹೀಗೆ ಎಂದು ಕೇಳದವರಿಲ್ಲ. ಕೊಕ್ಕೋ ವ್ಯಾಪಾರದಲ್ಲಿ ಲಾಭದ ಹಂಚಿಕೆ ಹೀಗೆಯೇ ಇದೆ ಎಂಬುದು ಉತ್ತರ.

ಮಕ್ಕಳ ದುಡಿಮೆಯ ವಿಷಯದಲ್ಲಂತೂ ಹೊದಿಕೆಯ ಮಾತು ಬಹಳ ಎಚ್ಚರಿಕೆಯಿಂದಿರಬೇಕು. ಅದರ ಘೋರ ರೂಪಗಳನ್ನು ನಿಲ್ಲಿಸುವುದಾಗಿ ದೊಡ್ಡ ಕಂಪನಿಗಳು 2001ರಲ್ಲೇ ಒಪ್ಪಂದಕ್ಕೆ ಸಹಿ ಹಾಕಿದ್ದವು. 2020ರಲ್ಲಿ ಪ್ರಕಟವಾದ ಷಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧನಾ ಸಂಸ್ಥೆಯ ಸಮೀಕ್ಷೆ, ಘಾನಾ ಮತ್ತು ಐವರಿ ಕೋಸ್ಟ್‌ಗಳ ಕೊಕ್ಕೋ ತೋಟಗಳಲ್ಲಿ ಸುಮಾರು 15 ಲಕ್ಷ 60 ಸಾವಿರ ಮಕ್ಕಳು ಬಾಲದುಡಿಮೆಯಲ್ಲಿದ್ದಾರೆಂದು ಅಂದಾಜು ಮಾಡಿತು. ಬೆಲೆ ಸಾಲದೆ ಆಳು ಇಡಲಾಗದ ಮನೆಯಲ್ಲಿ ಮಗುವಿನ ಕೈಗೇ ಕತ್ತಿ ಬರುತ್ತದೆ. ‘ಮಕ್ಕಳ ದುಡಿಮೆ ಇಲ್ಲ’ ಎಂದು ಬರೆಯುವವರು ಅದನ್ನು ಯಾರು, ಯಾವಾಗ ಹೋಗಿ ನೋಡಿದರೆಂದೂ ಹೇಳಬೇಕಾಗುತ್ತದೆ.

ಕರ್ನಾಟಕದ ಬೆಳೆಗಾರರಿಗೆ ಇದೇನೂ ದೂರದ ಕಥೆಯಲ್ಲ. 1980ರ ಆಸುಪಾಸಿನಲ್ಲಿ ಕೊಕ್ಕೋ ಧಾರಣೆ ಕುಸಿದು ಕೊಳ್ಳುವವರಿಲ್ಲದಾದಾಗ, ಅಡಿಕೆ ಬೆಳೆಗಾರರು 1973ರಲ್ಲಿ ಕಟ್ಟಿದ್ದ ಕ್ಯಾಂಪ್ಕೊ ಸಂಸ್ಥೆಯೇ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟು ಕಾರ್ಖಾನೆಯೂ ಆರಂಭವಾಯಿತು. ಬೆಳೆಗಾರರದೇ ಸಹಕಾರಿ ಸಂಸ್ಥೆ, ಅದರದೇ ಕಾರ್ಖಾನೆ! ಡಿವೈನ್ ಹುಟ್ಟುವುದಕ್ಕೆ ಹನ್ನೆರಡು ವರ್ಷ ಮೊದಲಿನ ಮಾತಿದು. ವಿನ್ಯಾಸ ಕಲಿಯುವ ಇಲ್ಲಿನ ಹುಡುಗ ಹುಡುಗಿಯರು ವಸ್ತು ಹುಡುಕಿಕೊಂಡು ಘಾನಾಕ್ಕೆ ಹೋಗಬೇಕಾಗಿಲ್ಲ.

ವಿಸ್ತರಣಾ ಕಾರ್ಯಕರ್ತರು ಅಂಥ ವಿದ್ಯಾರ್ಥಿಗಳನ್ನು ತೋಟಕ್ಕೆ ಕರೆತರುವುದಾದರೆ ಮಳೆಗಾಲದಲ್ಲಿ ಕರೆತರುವುದು ಲೇಸು. ಕಾಯಿ ಹಣ್ಣಾಗಿರುತ್ತದೆ, ಬಿಸಿಲು ಮಾತ್ರ ಇರುವುದಿಲ್ಲ. ಮಂಗ, ಅಳಿಲುಗಳು ಕೊರೆದ ಕಾಯಿ, ಕಪ್ಪು ಕೊಳೆ ಹಿಡಿದ ಕಾಯಿ ಇವುಗಳನ್ನೂ ತೋರಿಸಬೇಕು. ಬೀಜವನ್ನು ಆರು ದಿನ ಹುದುಗಿಸಿ, ನಡುನಡುವೆ ತಿರುವಿಹಾಕಿ, ತೇವಾಂಶ ಶೇಕಡ 6-7ಕ್ಕೆ ಇಳಿಯುವವರೆಗೆ ಒಣಗಿಸಿದರೆ ಮೂರು ಕಿಲೋ ಹಸಿ ಬೀಜಕ್ಕೆ ಸುಮಾರು ಒಂದು ಕಿಲೋ ಒಣ ಬೀಜ ಸಿಗುತ್ತದೆ. ಆ ಒಂದು ಕಿಲೋವನ್ನು ಅವರ ಕೈಯಿಂದಲೇ ತೂಗಿಸಿ, ಅಂದಿನ ಧಾರಣೆಯ ಚೀಟಿಯನ್ನು ಪಕ್ಕದಲ್ಲಿಟ್ಟು, ಆಮೇಲೆ ಪೆನ್ಸಿಲು ಹಿಡಿಯಲು ಹೇಳಬಹುದು.