ಮನೆತನದ ನೆನಪು, ಊರಿನ ಚರಿತ್ರೆ

(ಶತಮಾನೋತ್ಸವದ ನಿಮಿತ್ತ ನಡೆದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯಾಧ್ಯಾಪಿಕೆಯವರು ಮಾಡಿದ ಭಾಷಣ)



ಶಾಲೆಯ ನೂರು ವರ್ಷಗಳ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಈಗಾಗಲೇ ಹೇಳಿದ್ದಾರೆ. ಆದ್ದರಿಂದ ನಾನು ಚೀನ ದೇಶದ ಕೆಲವು ಪುಸ್ತಕಗಳ ಕುರಿತು ನಾಲ್ಕು ಮಾತು ಹೇಳಲು ಬಯಸುತ್ತೇನೆ. ಅಕ್ಕಲಕೋಟೆ ಸೀಮೆಯ ಕನ್ನಡ ಶಾಲೆಗೂ ಚೀನಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಆ ಸಂಬಂಧವನ್ನು ನನಗೆ ತೋರಿಸಿಕೊಟ್ಟವಳು ನಮ್ಮ ಎಂಟನೆಯ ತರಗತಿಯ ಒಬ್ಬ ಹುಡುಗಿ.

ಒಮ್ಮೆ ಮಕ್ಕಳನ್ನು ಸೊಲ್ಲಾಪುರದ ಭೈಯ್ಯಾ ಚೌಕದಲ್ಲಿರುವ ಡಾಕ್ಟರ್ ದ್ವಾರಕಾನಾಥ ಕೋಟ್ನಿಸರ ಸ್ಮಾರಕಕ್ಕೆ ಕರೆದುಕೊಂಡು ಹೋಗಿದ್ದೆವು. ಅದು ಅವರ ಮನೆಯೇ. 1910ರಲ್ಲಿ ಸೊಲ್ಲಾಪುರದ ಮರಾಠಿ ಕುಟುಂಬದಲ್ಲಿ ಹುಟ್ಟಿದ ಅವರು ಮುಂಬಯಿಯಲ್ಲಿ ವೈದ್ಯಶಿಕ್ಷಣ ಪಡೆದರು. ಜಪಾನಿನ ಆಕ್ರಮಣಕ್ಕೆ ತುತ್ತಾದ ಚೀನಕ್ಕೆ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸು ಕಳುಹಿಸಿದ ಐವರು ವೈದ್ಯರ ತಂಡದಲ್ಲಿ ಸೇರಿ, 1938ರ ಸೆಪ್ಟೆಂಬರಿನಲ್ಲಿ ಹಡಗನ್ನೇರಿದರು. ಉಳಿದ ನಾಲ್ವರು ಮರಳಿ ಬಂದರು, ಇವರು ಬರಲಿಲ್ಲ. ಚೀನೀ ಭಾಷೆಯನ್ನು ಕಲಿತರು. 1941ರಲ್ಲಿ ಬೆಥೂನ್ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. ಅಲ್ಲಿನ ದಾದಿ ಗುವೋ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರ ಡಿಸೆಂಬರ್ 9ರಂದು, ತಮ್ಮ 32ನೆಯ ವಯಸ್ಸಿನಲ್ಲಿ, ಹೆಬೇ ಪ್ರಾಂತದ ಒಂದು ಹಳ್ಳಿಯಲ್ಲಿ ತೀರಿಕೊಂಡರು. ಆಗ ಅವರ ಮಗನಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಮಗುವಿಗೆ ಯಿನ್‌ಹ್ವಾ ಎಂದು ಹೆಸರಿಟ್ಟಿದ್ದರು. ಯಿನ್ ಎಂದರೆ ಭಾರತ, ಹ್ವಾ ಎಂದರೆ ಚೀನ.

ಇಷ್ಟನ್ನು ನಾನು ಮಕ್ಕಳಿಗೆ ವಿವರಿಸಿ ಮುಗಿಸಿದಾಗ ಆ ಹುಡುಗಿ ಕೇಳಿದಳು: “ಟೀಚರ್, ಅವರಿಗೆ ಅಲ್ಲಿ ರೊಟ್ಟಿ ಸಿಗತಿತ್ತೇನ್ರಿ?”

ಉಳಿದ ಮಕ್ಕಳು ನಕ್ಕರು. ನನಗೆ ಉತ್ತರ ತಿಳಿದಿರಲಿಲ್ಲ. ಇಸವಿಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಆದರೆ ಹುಟ್ಟಿದ ಮನೆಯಿಂದ ಸಾವಿರಾರು ಮೈಲು ದೂರದಲ್ಲಿ ಒಬ್ಬ ಮನುಷ್ಯ ದಿನವೂ ಏನು ಉಂಡನೆಂಬುದನ್ನು ನಾನು ಎಂದೂ ಯೋಚಿಸಿರಲಿಲ್ಲ. ಅಂದಿನಿಂದ ಚೀನದ ಕುರಿತ ಪುಸ್ತಕಗಳನ್ನು ಹುಡುಕಿ ಓದತೊಡಗಿದೆ.

ಯುದ್ಧಕಾಲದ ಆ ಗುಡ್ಡಗಾಡಿನ ಸೈನಿಕರಿಗೂ ರೈತರಿಗೂ ಆಧಾರವಾಗಿದ್ದ ಧಾನ್ಯ ನವಣೆಯೆಂದು ಆ ಪುಸ್ತಕಗಳಿಂದ ತಿಳಿಯಿತು. ನಮ್ಮ ಅಜ್ಜಿಯರು ಕುಟ್ಟಿ, ಹಸನು ಮಾಡಿ, ಹುಗ್ಗಿ ಬೇಯಿಸುತ್ತಿದ್ದ ಅದೇ ನವಣೆ! ಸುಮಾರು 8000 ವರ್ಷಗಳ ಹಿಂದೆಯೇ ಉತ್ತರ ಚೀನದ ಜನ ಅದನ್ನು ಬೆಳೆಯುತ್ತಿದ್ದರು. ಇಂದಿಗೂ ಅಲ್ಲಿ ಬಾಣಂತಿಗೆ ನವಣೆಯ ಗಂಜಿ ಕೊಡುತ್ತಾರೆ. ಇನ್ನು ನಮ್ಮ ರೊಟ್ಟಿಯ ಜೋಳ ಆಫ್ರಿಕಾದಿಂದ ಭಾರತಕ್ಕೆ ಬಂದು, ಮುಂದೆ ಚೀನವನ್ನೂ ಸೇರಿ, ಅಲ್ಲಿ ಗಾವ್‌ಲಿಯಾಂಗ್ ಎನಿಸಿಕೊಂಡಿತು. ನಾವು ದಿನವೂ ಕುಡಿಯುವ ಚಹಾಕ್ಕೆ ಹೆಸರು ಬಂದದ್ದೂ ಚೀನೀ ಭಾಷೆಯಿಂದಲೇ. ರಾಜ್ಯಗಳ ಗಡಿ ಗುರುತಿಸುವುದಕ್ಕಿಂತ ಎಷ್ಟೋ ಮೊದಲೇ ಧಾನ್ಯಗಳು ಗಡಿ ದಾಟಿ ಓಡಾಡಿದ್ದವು. ಗಡಿನಾಡಿನಲ್ಲಿ ಬಾಳುವ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಇವೆಲ್ಲ ತಿಳಿಯಲು ಸಾಧ್ಯವಾದದ್ದು ಯಾರೋ ಬರೆದಿಟ್ಟಿದ್ದರಿಂದ. ಕೋಟ್ನಿಸರ ಬಾಳಿನ ಕುರಿತು ಖ್ವಾಜಾ ಅಹಮದ್ ಅಬ್ಬಾಸರು ಪುಸ್ತಕ ಬರೆದರು. 1946ರಲ್ಲಿ ವಿ. ಶಾಂತಾರಾಮರು ಚಲನಚಿತ್ರ ತೆಗೆದರು. ತಂಡದಲ್ಲಿದ್ದ ಡಾಕ್ಟರ್ ಬಸು ತಮ್ಮ ಅನುಭವಗಳನ್ನು ಗ್ರಂಥರೂಪಕ್ಕೆ ತಂದರು. ಕೊನೆಗೆ ಪತ್ನಿ ಗುವೋ ಚಿಂಗ್‌ಲಾನ್ ಅವರೂ ತಮ್ಮ ನೆನಪುಗಳನ್ನು ದಾಖಲಿಸಿದರು. ‘ಮೈ ಲೈಫ್ ವಿತ್ ಕೋಟ್ನಿಸ್’ ಎಂಬ ಹೆಸರಿನಲ್ಲಿ ಅದು ಇಂಗ್ಲಿಷಿನಲ್ಲಿ ದೊರೆಯುತ್ತದೆ. ಒಂದೇ ವರ್ಷದ ದಾಂಪತ್ಯ. ಮಗ ಯಿನ್‌ಹ್ವಾ ಕೂಡ 1967ರಲ್ಲಿ ತೀರಿಹೋದ. ಆ ತಾಯಿ ಬರೆಯದೇ ಹೋಗಿದ್ದರೆ ನಮಗೆ ಪ್ರತಿಮೆಯ ಕೋಟ್ನಿಸರು ದಕ್ಕುತ್ತಿದ್ದರು, ಮನೆಯ ಕೋಟ್ನಿಸರು ದಕ್ಕುತ್ತಿರಲಿಲ್ಲ.

ಚೀನೀಯರಿಗೆ ಬರೆದಿಡುವುದು ಹಳೆಯ ಅಭ್ಯಾಸ. ಒಂದೊಂದು ಜಿಲ್ಲೆಗೂ ಅದರ ಹೊಳೆ, ಹೊಲ, ಬೆಳೆ, ಬರಗಾಲ, ಗುಡಿ, ಗಣ್ಯರು ಇವುಗಳನ್ನೆಲ್ಲ ವಿವರಿಸುವ ಸ್ಥಳೀಯ ಚರಿತ್ರೆಯನ್ನು ಸಿದ್ಧಪಡಿಸಿ, ಕಾಲಕಾಲಕ್ಕೆ ಪರಿಷ್ಕರಿಸುತ್ತಿದ್ದರು. ಅಂಥ ಹಳೆಯ ಗ್ರಂಥಗಳು 8000ಕ್ಕೂ ಹೆಚ್ಚು ಉಳಿದಿವೆ. ಮನೆತನಗಳ ವಂಶಾವಳಿಗಳಂತೂ ಅಸಂಖ್ಯ. ಕನ್ಫ್ಯೂಷಿಯಸ್ಸನ ಮನೆತನದ ವಂಶಾವಳಿಯ ಹೊಸ ಆವೃತ್ತಿ 2009ರಲ್ಲಿ ಹೊರಬಂದಾಗ ಅದರಲ್ಲಿ 20 ಲಕ್ಷ ಹೆಸರುಗಳಿದ್ದವು. ಆ ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರು ಸೇರಿದ್ದು ಆಗಲೇ, ಮೊದಲ ಬಾರಿಗೆ! ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಬರೆದವರು ಕೂಡ ಅರ್ಧ ಮನೆಯನ್ನು ಬಿಟ್ಟೇ ಬರೆದಿದ್ದರು. ಇದನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ.

ಅಡುಗೆಯನ್ನೂ ಅವರು ಕೀಳೆಂದು ಬಗೆಯಲಿಲ್ಲ. 18ನೆಯ ಶತಮಾನದ ಪ್ರಸಿದ್ಧ ಕವಿ ಯುವಾನ್ ಮೇ ಅಡುಗೆಯ ಮೇಲೆ ಒಂದು ಗ್ರಂಥ ರಚಿಸಿದ. ಬೇರೆಯವರ ಮನೆಯಲ್ಲಿ ರುಚಿಯಾದದ್ದನ್ನು ಉಂಡರೆ ತನ್ನ ಬಾಣಸಿಗನನ್ನು ಅಲ್ಲಿಗೆ ಕಳುಹಿಸಿ ಕಲಿಸುತ್ತಿದ್ದ. ಎಷ್ಟೋ ಪದಾರ್ಥಗಳ ಜೊತೆಗೆ ಅವು ಯಾವ ಮನೆಯವೆಂದೂ ದಾಖಲಿಸಿದ. ಹೀಗಾಗಿ ಆ ಪುಸ್ತಕದಲ್ಲಿ ರುಚಿಯ ಜೊತೆಗೆ ಮನೆಗಳೂ ಉಳಿದಿವೆ.

ನಮ್ಮ ನಾಡಿನ ನೆನಪು ಕೂಡ ಒಂದು ಚೀನೀ ಪುಸ್ತಕದಲ್ಲಿದೆ. 7ನೆಯ ಶತಮಾನದಲ್ಲಿ ಯಾತ್ರಿಕ ಹ್ಯುಯೆನ್‌ತ್ಸಾಂಗ್ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡ. ಬಾದಾಮಿಯ ಕನ್ನಡ ದೊರೆ ಆಳುತ್ತಿದ್ದ ಆ ರಾಜ್ಯವನ್ನು ಅವನು ಮಹಾರಾಷ್ಟ್ರವೆಂದೇ ಕರೆದ. ಇಲ್ಲಿಯ ಜನ ಅಭಿಮಾನಿಗಳು, ಉಪಕಾರವನ್ನು ಮರೆಯದವರು, ಅಪಮಾನವನ್ನು ಸಹಿಸದವರು ಎಂಬರ್ಥದಲ್ಲಿ ಬರೆದ. ಅರಸನ ಕುರಿತು ಐಹೊಳೆಯ ಶಾಸನ ಹೇಳುತ್ತದೆ. ಜನರ ಸ್ವಭಾವವನ್ನು ತಿಳಿಯಲು ನಾವು ದೂರದ ಯಾತ್ರಿಕನ ಕಡೆಗೆ ನೋಡಬೇಕಾಗಿದೆ.

ನಮ್ಮ ಸೊಲ್ಲಾಪುರಕ್ಕೆ ಚರಿತ್ರೆ ಕಡಿಮೆಯೇ? ಸೊನ್ನಲಿಗೆಯ ಸಿದ್ಧರಾಮರ ವಚನಗಳಿವೆ. 1877ರಲ್ಲಿ ಗಿರಣಿ ಬಂತು. 1930ರಲ್ಲಿ ಲಷ್ಕರಿ ಕಾಯಿದೆಯನ್ನು ಹೇರಿದರು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಎಂಬ ನಾಲ್ವರು ಗಲ್ಲಿಗೇರಿದರು. ಆ ನಾಲ್ವರ ಹೆಸರು ನಮ್ಮ ಮಕ್ಕಳಿಗೆ ಗೊತ್ತು. ಆ ದಿನಗಳಲ್ಲಿ ಅವರ ಮನೆಗಳಲ್ಲಿ ಒಲೆ ಉರಿಯಿತೇ, ತಾಯಂದಿರು ಏನೆಂದರು, ನೆರೆಯವರಾರು ಅನ್ನ ತಂದುಕೊಟ್ಟರು ಎಂಬುದನ್ನು ಮಕ್ಕಳ ಕೈಗಿಡಲು ನನ್ನ ಬಳಿ ಒಂದು ಪುಟವೂ ಇಲ್ಲ.

ಈ ಕೊರತೆಯ ಹೊಣೆಯನ್ನು ಬೇರೆಯವರ ಮೇಲೆ ಹೊರಿಸಲಾರೆ. ನಾಲ್ಕನೆಯ ಇಯತ್ತೆ ಕಲಿತ ನನ್ನ ಅವ್ವ ಒಂದು ಹಳೆಯ ಲೆಕ್ಕದ ವಹಿಯಲ್ಲಿ ತನಗೆ ತೋಚಿದ್ದನ್ನೆಲ್ಲ ಬರೆದಿಡುತ್ತಿದ್ದಳು. ಮಾದಲಿಗೆ ಎಷ್ಟು ಬೆಲ್ಲ, ಎಳ್ಳ ಅಮಾವಾಸ್ಯೆಯ ಚರಗಕ್ಕೆ ಯಾರು ಬಂದಿದ್ದರು, ಯಾವ ಮಗು ಯಾವ ವಾರ ಹುಟ್ಟಿತು, ಬರಗಾಲದಲ್ಲಿ ಯಾರ ಮನೆಯಿಂದ ಜೋಳ ಕಡ ತಂದಿದ್ದೆವು, ಎಲ್ಲವೂ ಅದರಲ್ಲಿತ್ತು. ಅವಳು ತೀರಿಕೊಂಡ ವರ್ಷ ದೀಪಾವಳಿಯ ಮುಂಚೆ ಮನೆಗೆ ಸುಣ್ಣ ಹಚ್ಚಿಸುವಾಗ, ನಾನೇ ಅದನ್ನು ಹಳೆಯ ಪತ್ರಿಕೆಗಳೊಂದಿಗೆ ರದ್ದಿಗೆ ಹಾಕಿದೆ. ಎಂ.ಎ., ಬಿ.ಎಡ್. ಮಾಡಿದ ಮಗಳ ಕಣ್ಣಿಗೆ ಅದು ಪುಸ್ತಕವೆಂದು ತೋರಲಿಲ್ಲ. ನನ್ನ ಮುತ್ತಜ್ಜಿಯ ಹೆಸರು ಇಂದು ನನಗೆ ಗೊತ್ತಿಲ್ಲ. ಕೇಳಲು ಮನೆಯಲ್ಲಿ ಹಿರಿಯರು ಉಳಿದಿಲ್ಲ.

ಆದ್ದರಿಂದ ಈ ಸಮಾವೇಶದಲ್ಲಿ ತಮ್ಮೆಲ್ಲರಲ್ಲಿ ಒಂದು ವಿನಂತಿ. ನಮ್ಮ ಮಕ್ಕಳು ಪೇಟೆಯಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ ಇಂಗ್ಲಿಷು, ಮನೆಯಲ್ಲಿ ಕನ್ನಡ ಬಳಸುತ್ತಾರೆ. ಆ ಎಲ್ಲ ಭಾಷೆಗಳೂ ಅವರಿಗೆ ಬೇಕು. ಆದರೆ ಅಜ್ಜಿಯ ಮಾತು ಇರುವುದು ಕನ್ನಡದಲ್ಲಿ. ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ ಅವಳು ಹೇಳಿದ್ದನ್ನು ಬರೆದುಕೊಳ್ಳುವವರಾರು? ಸೊಲ್ಲಾಪುರದಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡವನ್ನು ಸ್ವಂತ ಶ್ರಮದಿಂದ ಕಲಿತು ಸಿದ್ಧರಾಮರ ಪುರಾಣವನ್ನು ರಚಿಸಿದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠವೇರಿದ ಮೊದಲ ಮಹಿಳೆಯಾದರು. ಅವರಿಗೆ ದೊರೆಯದಿದ್ದ ಕನ್ನಡ ಶಾಲೆ ನಮ್ಮ ಮಕ್ಕಳಿಗೆ ನೂರು ವರ್ಷಗಳಿಂದ ದೊರೆತಿದೆ.

ಗ್ರಂಥಾಲಯದಲ್ಲಿ ಒಂದು ಕಪಾಟನ್ನು ತೆರವು ಮಾಡಿದ್ದೇವೆ. ಪ್ರತಿಯೊಂದು ಕುಟುಂಬವೂ ಒಂದು ನೂರು ಪುಟದ ವಹಿಯನ್ನು ಬರೆದುಕೊಡಬೇಕು. ಮೊದಲು ಮನೆತನದ ಹೆಸರುಗಳು. ಸೊಸೆಯರ, ಹೆಣ್ಣುಮಕ್ಕಳ ಹೆಸರುಗಳನ್ನು ತಪ್ಪದೆ ಸೇರಿಸಿರಿ. ಬಳಿಕ ಮನೆಯ ಒಂದು ಅಡುಗೆ, ಅದನ್ನು ಯಾರಿಂದ ಕಲಿತದ್ದೆಂಬ ವಿವರದೊಂದಿಗೆ. ಆಮೇಲೆ ಹಿರಿಯರು ಕಂಡ ಒಂದು ಘಟನೆ: ಗಿರಣಿಯ ಪಾಳಿ, ಬರಗಾಲ, ಮಗ್ಗ, ಮದುವೆ, ಏನಾದರೂ ಸರಿ. ಅಕ್ಷರ ಓರೆಯಾದರೂ, ವ್ಯಾಕರಣ ತಪ್ಪಿದರೂ ಚಿಂತೆಯಿಲ್ಲ. ಹಿರಿಯರಿಗೆ ಬರೆಯಲಾಗದಿದ್ದರೆ ಅವರು ಹೇಳಲಿ, ಮಕ್ಕಳು ಬರೆದುಕೊಳ್ಳಲಿ.

ಕಪಾಟಿನಲ್ಲಿ ಈಗಾಗಲೇ ಒಂದು ವಹಿ ಇದೆ. ರೊಟ್ಟಿಯ ಪ್ರಶ್ನೆ ಕೇಳಿದ ಆ ಹುಡುಗಿಗೆ ನಾನು ನವಣೆಯ ವಿಷಯ ತಿಳಿಸಿದಾಗ ಅವಳು ಮನೆಗೆ ಹೋಗಿ ಅಜ್ಜಿಯನ್ನು ಕೇಳಿದಳಂತೆ. ಅಜ್ಜಿ ತಾನು ಬಾಣಂತಿಯಾಗಿದ್ದಾಗ ಉಂಡ ನವಣೆಯ ಗಂಜಿಯನ್ನು ನೆನೆದು, ಅಳತೆ ಸಮೇತ ಬರೆಸಿದ್ದಾಳೆ. ಪುಟದ ಕೆಳಗೆ ಅಜ್ಜಿಯ ಹೆಸರಿದೆ, ಅಜ್ಜಿಯ ಅವ್ವನ ಹೆಸರಿದೆ. ಅವಳ ಪಕ್ಕದಲ್ಲಿ ತಮ್ಮ ಮನೆಯ ವಹಿಯೂ ಬಂದು ಕೂಡಲೆಂದು ಕೋರಿ, ನನ್ನ ಮಾತು ಮುಗಿಸುತ್ತೇನೆ.