ದವಾಖಾನಿ ಬಗ್ಗೆ ನಮ್ಮ ಅಭ್ಯರ್ಥಿ ಏನು ಮಾಡ್ಯಾರ? ಕಾಗದ ತೆಗೆದು ನೋಡೋಣ

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಸಿಸ್ಟರ್ ಅವರು ಮಾಡಿದ ಭಾಷಣ)



ಸಂಘದಲ್ಲಿ ಒಬ್ಬಾಕಿ ಸಾಲ ಕೇಳಿದರೆ ನಾವು ಏನು ಮಾಡ್ತೀವಿ? ಆಕಿ ಮಾತು ಕೇಳ್ತೀವಿ, ಖರೆ. ಆದರೆ ಮಾತಿನ ಮೇಲೆ ಸಾಲ ಕೊಡೋದಿಲ್ಲ. ಹಿಂದಿನ ಸಾಲದ ಕಂತು ಕಟ್ಟಿದಾಳೋ ಇಲ್ಲೋ, ವಾರದ ಸಭೆಗೆ ಬಂದಾಳೋ ಇಲ್ಲೋ, ಪುಸ್ತಕ ತೆಗೆದು ನೋಡ್ತೀವಿ. ಹತ್ತು ಸಾವಿರ ರೂಪಾಯಿಗೆ ಇಷ್ಟು ಎಚ್ಚರ ಇರೋ ನಾವು, ಐದು ವರ್ಷಕ್ಕೆ ಓಟು ಕೊಡುವಾಗ ಯಾವ ಪುಸ್ತಕಾನೂ ತೆಗೆಯೋದಿಲ್ಲ.

ನಿಮ್ಮ ಸಂಘದ ಸಾಲದ ಅರ್ಜಿಗಳನ್ನು ಒಮ್ಮೆ ತಿರುವಿ ಹಾಕಿ. ಬೀಜ, ಗೊಬ್ಬರ, ಎಮ್ಮೆ ಅಂತ ಬರೆದಿರ್ತದ. ಅದರಲ್ಲಿ ಎಷ್ಟು ಹಣ ಕಡೆಗೆ ಮಿರಜ, ಸಾಂಗಲಿ, ಕೊಲ್ಹಾಪುರದ ದವಾಖಾನಿಗೆ ಹೋಗ್ಯಾವ ಅನ್ನೋದು ನಿಮಗೇ ಗೊತ್ತು. ಗಡಿ ದಾಟಿದ ಮೇಲೆ ನಮ್ಮ ಆಯುಷ್ಮಾನ್ ಕಾರ್ಡ್ ಆ ದವಾಖಾನಿಯಲ್ಲಿ ನಡೀತದೋ ಇಲ್ಲೋ ಅನ್ನೋ ಚಿಂತೆ ಬೇರೆ. ನಿಪ್ಪಾಣಿ ಕಡೆ ತಂಬಾಕಿನ ಧೂಳಿನಲ್ಲಿ ದುಡಿಯೋ ಹೆಣ್ಮಕ್ಕಳ ಕೆಮ್ಮು ಯಾವ ಪ್ರಚಾರ ಸಭೆಯಲ್ಲೂ ಕೇಳಿಸೋದಿಲ್ಲ. ಅದಕ್ಕೇ ಇವತ್ತು ಆರೋಗ್ಯದ ಒಂದೇ ವಿಷಯ ಹಿಡಿದೀನಿ. ಯಾರಿಗೆ ಓಟು ಹಾಕಬೇಕು ಅಂತ ನಮ್ಮ ಸಂಸ್ಥೆ ಹೇಳೋದಿಲ್ಲ, ನಾನೂ ಹೇಳೋದಿಲ್ಲ.

ಮೊದಲು ಯಾರನ್ನು ಏನು ಕೇಳಬೇಕು ಅನ್ನೋದು ತಿಳಿದಿರಲಿ. ಸಂವಿಧಾನದ ಪ್ರಕಾರ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯದ ವಿಷಯ. ತಾಲೂಕು ದವಾಖಾನಿಯಲ್ಲಿ ಅರಿವಳಿಕೆ ಕೊಡೋ ಡಾಕ್ಟರ್ ಇಲ್ಲ ಅಂದರೆ ಆ ಪ್ರಶ್ನೆ ಶಾಸಕರಿಗೆ. ಕೇಂದ್ರದ ಯೋಜನೆ, ಎರಡು ರಾಜ್ಯಗಳ ನಡುವಿನ ಕಾರ್ಡಿನ ಪ್ರಶ್ನೆ ಸಂಸದರಿಗೆ.

ಅಭ್ಯರ್ಥಿ ನಾಮಪತ್ರದ ಜೊತೆ ಕೊಡೋ ಪ್ರಮಾಣಪತ್ರ ನೀವು ಕೇಳಿರಬಹುದು. 2002ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಬಂದದ್ದು ಅದು. ಆಸ್ತಿ, ಸಾಲ, ಪೊಲೀಸ್ ಕೇಸು, ಓದು, ಆದಾಯದ ಮೂಲ ಅದರಲ್ಲಿರ್ತದ. ಆರೋಗ್ಯದ ಬಗ್ಗೆ ಅವರ ನಿಲುವು ಅದರಲ್ಲಿ ಇರೋದಿಲ್ಲ. ಆದರೂ ಆಸ್ಪತ್ರೆಯಲ್ಲಿ ಪಾಲು ಇದೆಯಾ, ಸರಕಾರದ ಗುತ್ತಿಗೆ ಇದೆಯಾ ಅಂತ ನೋಡಬಹುದು. ಚುನಾವಣಾ ಆಯೋಗದ ಜಾಲತಾಣದಲ್ಲಿ ಪುಕ್ಕಟೆ ಸಿಗ್ತದ. ಸಂಘದ ಲೆಕ್ಕ ಬರೆಯೋ ಹುಡುಗಿ ಮೊಬೈಲಿನಲ್ಲೇ ತೆಗೀತಾಳ.

ನಿಲುವು ಸಿಗೋದು ಸದನದ ನಡಾವಳಿಯಲ್ಲಿ. ಒಂದು ಉದಾಹರಣೆ ಹೇಳ್ತೀನಿ, ನಮ್ಮ ಜಿಲ್ಲೆಯಲ್ಲೇ ಆದದ್ದು. 2017ರಲ್ಲಿ ಆಗಿನ ಆರೋಗ್ಯ ಮಂತ್ರಿ ಕೆ.ಆರ್. ರಮೇಶ್ ಕುಮಾರ್ ಖಾಸಗಿ ದವಾಖಾನಿಗಳ ಕಾಯ್ದೆಗೆ ತಿದ್ದುಪಡಿ ತಂದರು. ತುರ್ತು ರೋಗಿಗೆ ಮುಂಗಡ ಹಣ ಕೇಳಬಾರದು, ಬಿಲ್ಲು ಬಾಕಿ ಅಂತ ಹೆಣ ಹಿಡಿದಿಟ್ಟುಕೊಳ್ಳಬಾರದು, ರೋಗಿಯ ಹಕ್ಕುಗಳ ಸನ್ನದು ಇರಬೇಕು ಅನ್ನೋದು ಅದರಲ್ಲಿತ್ತು. ಖಾಸಗಿ ಡಾಕ್ಟರರು ವಿರೋಧಿಸಿದರು. ನವೆಂಬರದಲ್ಲಿ ರಾಜ್ಯದ ತುಂಬ ಖಾಸಗಿ ದವಾಖಾನಿ ಬಂದಾದವು, ರೋಗಿಗಳು ಪರದಾಡಿದರು. ಅದೇ ತಿಂಗಳು ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನದಲ್ಲಿ ಮಸೂದೆ ಪಾಸಾಯಿತು. ಹೆಚ್ಚು ದರ ತೆಗೆದುಕೊಂಡರೆ ಜೈಲು ಅನ್ನೋ ಅಂಶವನ್ನು ಕೈಬಿಟ್ಟರು. ಡಾಕ್ಟರರ ಅಂಜಿಕೆಯಲ್ಲೂ ಅರ್ಥ ಇಲ್ಲ ಅಂತಲ್ಲ. ಜೈಲಿಗೆ ಅಂಜಿ ಗಂಭೀರ ರೋಗಿಯನ್ನು ಮುಟ್ಟದೇ ಇದ್ದರೆ ನಮಗೇ ನಷ್ಟ.

ಆವಾಗ ನಮ್ಮ ಕಡೆಯ ಶಾಸಕರು ಎದ್ದು ಏನು ಅಂದರು? ರೋಗಿ ಪರ ಮಾತಾಡಿದರಾ, ಆಸ್ಪತ್ರೆ ಪರ ಮಾತಾಡಿದರಾ, ಸುಮ್ಮನೆ ಕೂತರಾ? ಶಬ್ದ ಶಬ್ದ ಬರೆದಿಟ್ಟಾರ. ವಾಟ್ಸಾಪಿನ ತುಂಡು ವಿಡಿಯೋ ಥರ ಅದನ್ನು ಕತ್ತರಿಸಿ ಅಂಟಿಸಲಿಕ್ಕೆ ಬರೋದಿಲ್ಲ. ವಿಧಾನಸಭೆಯ ಜಾಲತಾಣದಲ್ಲಿ ನೋಡಬಹುದು. ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ ಅಂತ ಎರಡು ಬಗೆ ಇರ್ತಾವ. ಕೇಳಿದ ಶಾಸಕರ ಹೆಸರು, ಮಂತ್ರಿಯ ಉತ್ತರ ಎರಡೂ ಅಲ್ಲಿರ್ತಾವ. ಆದರೆ ಒಂದು ಎಚ್ಚರಿಕೆ. ಮಂತ್ರಿ ಆದವರು ಪ್ರಶ್ನೆ ಕೇಳೋದಿಲ್ಲ, ಉತ್ತರ ಕೊಡ್ತಾರ. ಅವರ ಹೆಸರಿನಲ್ಲಿ ಪ್ರಶ್ನೆ ಇಲ್ಲ ಅಂತ ತಪ್ಪು ತಿಳಿಯಬೇಡಿ, ಉತ್ತರ ಓದಿ.

2023ರಲ್ಲಿ ನಿಪ್ಪಾಣಿಯಿಂದ ಶಶಿಕಲಾ ಜೊಲ್ಲೆ, 2024ರಲ್ಲಿ ಚಿಕ್ಕೋಡಿ ಲೋಕಸಭೆಗೆ ಪ್ರಿಯಾಂಕಾ ಜಾರಕಿಹೊಳಿ ಆರಿಸಿ ಬಂದರು. ಪಕ್ಷ ಬೇರೆ ಬೇರೆ, ಇಬ್ಬರೂ ಹೆಣ್ಣುಮಕ್ಕಳು. ಸಂತೋಷ. ಆದರೆ ಹೆಣ್ಣು ಅಂದಮಾತ್ರಕ್ಕೆ ಹೆರಿಗೆ ವಾರ್ಡಿನ ಬಗ್ಗೆ ಮಾತಾಡಿರ್ತಾರ, ಗಂಡಸು ಅಂದರೆ ಮಾತಾಡಿರೋದಿಲ್ಲ ಅಂತ ಊಹೆ ಮಾಡೋದು ಬ್ಯಾಡ. ಎಲ್ಲರ ಕಾಗದವನ್ನೂ ಒಂದೇ ಕಣ್ಣಿನಿಂದ ನೋಡಿ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯ ಕಾಗದ ನಮ್ಮ ತಾಲೂಕಿನಲ್ಲೇ ಇದೆ. ತಾಲೂಕು ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಅಂತ ಇರ್ತದ, ಸಾಮಾನ್ಯವಾಗಿ ಶಾಸಕರೇ ಅದರ ಅಧ್ಯಕ್ಷರು. ನಮ್ಮ ಸಂಘದ ಹಾಗೆ ಅದಕ್ಕೂ ಠರಾವು, ಹಾಜರಿ ಎಲ್ಲಾ ಉಂಟು. ವರ್ಷಕ್ಕೆ ಎಷ್ಟು ಸಭೆ ಆದವು, ಅಧ್ಯಕ್ಷರು ಎಷ್ಟಕ್ಕೆ ಬಂದರು, ಹಣ ಯಾವುದಕ್ಕೆ ಹೋಯಿತು ಅನ್ನೋದು ಅಲ್ಲಿ ಸಿಗ್ತದ. ತಾಲೂಕಿನ ಕೆ.ಡಿ.ಪಿ. ಸಭೆಗೂ ನಡಾವಳಿ ಇದೆ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಅದರಲ್ಲಿ ಸಮುದಾಯ ಭವನಕ್ಕೆ ಎಷ್ಟು, ದವಾಖಾನಿಗೆ ಎಷ್ಟು? ನಿಪ್ಪಾಣಿ, ಕಾಗವಾಡ ಹೊಸ ತಾಲೂಕು ಆದವು. ಕಚೇರಿಗೆ ಹೊಸ ಬೋರ್ಡು ಬಂತು, ದವಾಖಾನಿಗೆ ಏನು ಬಂತು ಅಂತ ಅಲ್ಲಿಯ ಅಕ್ಕಂದಿರು ಕೇಳಬೇಕು.

ಇದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಬಿ.ಪಿ.ಎಲ್. ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದ ಒಳಗೆ. ಇಷ್ಟು ಬರೆದರೆ ಸಾಕು: "2023ರ ಜೂನ್ ತಿಂಗಳಿಂದ ಇಲ್ಲಿಯವರೆಗೆ ತಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ನಡೆಸಿದ ಎಲ್ಲ ಸಭೆಗಳ ನಡಾವಳಿ ಮತ್ತು ಹಾಜರಿಯ ಪ್ರತಿ ಕೊಡಿ." ಬರೆಯಲಿಕ್ಕೆ ಬಾರದವರು ಬಾಯಲ್ಲಿ ಹೇಳಿದರೆ ಅಧಿಕಾರಿಯೇ ಬರೆದುಕೊಳ್ಳಲು ನೆರವಾಗಬೇಕು, ಅದು ಕಾಯ್ದೆಯಲ್ಲೇ ಇದೆ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೇಲ್ಮನವಿ.

ನಿಮ್ಮ ಮುಖದಲ್ಲಿರೋ ಪ್ರಶ್ನೆ ನನಗೆ ಕಾಣ್ತದ. "ಸಿಸ್ಟರ್, ನಮ್ಮ ಮನೆಯವರು ಅದೇ ಸಾಹೇಬರ ಕಾರ್ಖಾನೆಗೆ ಕಬ್ಬು ಕಳಿಸ್ತಾರ. ನಾಳೆ ಕಬ್ಬು ಕಡಿಯೋರನ್ನು ಕಳಿಸಲಿಲ್ಲ ಅಂದರೆ?" ಈ ಅಂಜಿಕೆ ಸುಳ್ಳಲ್ಲ. ಅರ್ಜಿ ಒಬ್ಬಾಕಿ ಹೆಸರಿನಲ್ಲೇ ಹೋಗಬೇಕು, ಸಂಘದ ಹೆಸರಿನಲ್ಲಿ ಹಾಕಿದರೆ ತಿರಸ್ಕರಿಸಬಹುದು. ಅದಕ್ಕೇ ಅಂಥ ಮನೆಯ ಹೆಣ್ಣುಮಗಳನ್ನು ಮುಂದೆ ಮಾಡಬೇಡಿ. ಬೇರೆ ಬೇರೆ ಊರಿನ ನಾಲ್ಕು ಮಂದಿ ಒಂದೊಂದು ಅರ್ಜಿ ಹಾಕಿ, ಕಚೇರಿಗೆ ಐದಾರು ಜನ ಕೂಡಿ ಹೋಗಿ. ಯಾಕೆ ಬೇಕು ಅಂತ ಕೇಳಿದರೆ ಕಾರಣ ಹೇಳಬೇಕಾಗಿಲ್ಲ.

ಹೊಸದಾಗಿ ನಿಂತವರಿಗೆ ಈ ದಾಖಲೆ ಇರೋದಿಲ್ಲ. ಅವರ ಪಕ್ಷದ ಪ್ರಣಾಳಿಕೆ ಓದಿ. ಹಣ ಎಲ್ಲಿಂದ ಬರ್ತದ ಅನ್ನೋದನ್ನೂ ಹೇಳಬೇಕು ಅಂತ ಚುನಾವಣಾ ಆಯೋಗದ ಮಾರ್ಗಸೂಚಿ ಇದೆ. ಮನೆ ಬಾಗಿಲಿಗೆ ಬಂದಾಗ ನಿಮ್ಮ ಪ್ರಶ್ನೆಯನ್ನು ಬರೆದು ಕೊಟ್ಟು, ಬರೆದ ಉತ್ತರ ಕೇಳಿ.

ಅರ್ಜಿಯ ನಮೂನೆ ಬಾಗಿಲ ಹತ್ತಿರ ಮೇಜಿನ ಮೇಲೆ ಇಟ್ಟೀವಿ. ಮನೆಯಲ್ಲಿ ಮರಾಠಿ ಮಾತಾಡೋ ಅಕ್ಕಂದಿರಿಗೆ ಕನ್ನಡದಲ್ಲಿ ಬರೆದು ಕೊಡಲಿಕ್ಕೆ ನಮ್ಮ ಕಾರ್ಯಕರ್ತೆಯರು ಕೂತಾರ. ಚಹಾ ಕುಡಿದು ತಾಲೂಕುವಾರು ಕೂಡ್ರಿ, ಒಂದೊಂದು ತಾಲೂಕಿನಿಂದ ಒಂದು ಅರ್ಜಿಯಾದರೂ ಇವತ್ತೇ ಬರೆಯೋಣ. ಉತ್ತರ ಬಂದ ಮೇಲೆ ಒಕ್ಕೂಟದ ಸಭೆಯಲ್ಲಿ ಗಟ್ಟಿಯಾಗಿ ಓದಿ, ಠರಾವು ಪುಸ್ತಕದಲ್ಲಿ ಅಂಟಿಸಿ ಇಡೋಣ.